ಒಣಗಿ ಕಡ್ಡಿಯಾದರೂ ಸಾಯದ ಜೀವಿಗಳು: ಒಳಗೆ ಕಾವಲಿರುವ ಪ್ರೋಟೀನ್‌ಗಳ ಕಥೆ

ಇನ್ಸುಲಿನ್ ಡಬ್ಬಿಯ ಮೇಲೆ ನೋಡಿ, ಲಸಿಕೆಯ ಪೆಟ್ಟಿಗೆಯ ಮೇಲೆ ನೋಡಿ. ಹೆಚ್ಚಿನವುಗಳ ಮೇಲೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ ಅಂತ ಬರೆದಿರುತ್ತದೆ. ಕಾರ್ಖಾನೆಯಿಂದ ಹೊರಟ ಮೇಲೆ ಬಳಸಲು ತೆರೆಯುವ ತನಕ ಆ ತಂಪು ಎಲ್ಲೂ ತಪ್ಪಬಾರದು. ಕರೆಂಟ್ ಹೋಗಿ ಫ್ರಿಜ್ ಬೆಚ್ಚಗಾಯಿತು ಅಂದರೆ ಔಷಧಿ ಕೆಡುವ ಭಯ. ಯಾಕೆ ಇಷ್ಟು ನಾಜೂಕು? ಇಂಥ ಬಹಳಷ್ಟು ಔಷಧಿಗಳಲ್ಲಿ ಕೆಲಸ ಮಾಡುವುದು ಪ್ರೋಟೀನ್. ನೀರಿನಲ್ಲಿ ಕರಗಿದ ಪ್ರೋಟೀನ್ ಬಿಸಿಗೆ ಬೇಗ ಕೆಡುತ್ತದೆ. ಹಾಗಾದರೆ ಒಣಗಿಸಿ ಇಡೋಣ ಅಂದರೆ, ಒಣಗುವಾಗಲೂ ಕೆಡುತ್ತದೆ.

ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕೆಲವು ಪ್ರಾಣಿಗಳಿವೆ. ಅವುಗಳ ಮೈಯಲ್ಲೂ ಸಾವಿರಾರು ಬಗೆಯ ಪ್ರೋಟೀನ್‌ಗಳಿವೆ. ಮೈಯ ನೀರನ್ನು ಹೆಚ್ಚುಕಡಿಮೆ ಪೂರ್ತಿ ಕಳೆದುಕೊಂಡು ವರ್ಷಗಟ್ಟಲೆ ಧೂಳಿನ ಕಣದ ಹಾಗೆ ಅವು ಬಿದ್ದಿರುತ್ತವೆ. ಬಿಸಿಲಿಗೆ ಕಾಯುತ್ತವೆ, ಚಳಿಗೆ ತಣಿಯುತ್ತವೆ. ಒಂದು ಹನಿ ನೀರು ಬಿದ್ದರೆ ಎದ್ದು ನಡೆಯುತ್ತವೆ. ಅದು ಹೇಗೆ ಸಾಧ್ಯ ಅನ್ನುವುದಕ್ಕೆ ಕಳೆದ ಇಪ್ಪತ್ತು, ಇಪ್ಪತ್ತೈದು ವರ್ಷಗಳಲ್ಲಿ ಒಂದೊಂದಾಗಿ ಉತ್ತರ ಸಿಗುತ್ತಿದೆ. ಆ ಉತ್ತರದಲ್ಲಿ ದೊಡ್ಡ ಪಾಲು ಮತ್ತೆ ಪ್ರೋಟೀನ್‌ಗಳದ್ದೇ.

## ನೀರು ಹೋದರೆ ಜೀವಕೋಶದಲ್ಲಿ ಏನಾಗುತ್ತದೆ?

ಮೊದಲು ಪ್ರೋಟೀನ್ ಅಂದರೆ ಏನು ಅಂತ ನೋಡೋಣ. ಅಮೈನೋ ಆಮ್ಲಗಳು ಅನ್ನುವ 20 ಬಗೆಯ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ ಅಂದುಕೊಳ್ಳಿ. ಆ ಸರ ಸುಮ್ನೆ ಉದ್ದಕ್ಕೆ ಬಿದ್ದಿರುವುದಿಲ್ಲ. ತನ್ನಷ್ಟಕ್ಕೇ ಮಡಚಿಕೊಂಡು ಒಂದು ಗೊತ್ತಾದ ಆಕಾರಕ್ಕೆ ಬರುತ್ತದೆ. ಪ್ರೋಟೀನಿನ ಕೆಲಸವೆಲ್ಲ ಆ ಆಕಾರದಲ್ಲೇ ಇದೆ. ಕೀಲಿಕೈಯ ಹಲ್ಲು ಸವೆದರೆ ಬೀಗ ತೆಗೆಯಲು ಬರುವುದಿಲ್ಲ ಅಲ್ವಾ, ಹಾಗೆ.

ಈ ಆಕಾರವನ್ನು ಹಿಡಿದಿಟ್ಟಿರುವುದು ಯಾರು? ಬಹಳ ಮಟ್ಟಿಗೆ ಸುತ್ತಲಿನ ನೀರು. ಸರದ ಕೆಲವು ಮಣಿಗಳಿಗೆ ನೀರು ಕಂಡರೆ ಆಗುವುದಿಲ್ಲ, ಅವು ಒಳಗೆ ಅಡಗುತ್ತವೆ. ನೀರನ್ನು ಇಷ್ಟಪಡುವ ಮಣಿಗಳು ಹೊರಗೆ ಉಳಿಯುತ್ತವೆ. ಹೀಗೆ ಸರ ಉಂಡೆಯಾಗಿ ನಿಲ್ಲುತ್ತದೆ. ಜೀವಕೋಶದ ಸುಮಾರು ಶೇ 70 ಭಾಗ ನೀರೇ ಇರುವುದರಿಂದ ಈ ಏರ್ಪಾಟು ಚೆನ್ನಾಗಿ ನಡೆಯುತ್ತದೆ.

ಈಗ ನೀರು ಇಂಗುತ್ತಾ ಹೋಗಲಿ. ಬಸ್ಸಿನಲ್ಲಿ ಜನ ತುಂಬುತ್ತಾ ಹೋದರೆ ಒಬ್ಬರ ಮೈಗೆ ಒಬ್ಬರು ಅಂಟಿ ನಿಲ್ಲುತ್ತಾರಲ್ಲ, ಕೋಶದೊಳಗೂ ಹಾಗೇ ಇಕ್ಕಟ್ಟಾಗುತ್ತದೆ. ನೀರಿನ ಹಿಡಿತ ತಪ್ಪಿದ ಪ್ರೋಟೀನ್‌ಗಳ ಮಡಿಕೆ ಬಿಚ್ಚಿಕೊಳ್ಳುತ್ತದೆ. ಒಳಗೆ ಅಡಗಿದ್ದ ಮಣಿಗಳು ಹೊರಗೆ ಬರುತ್ತವೆ. ಪಕ್ಕದ ಪ್ರೋಟೀನಿನಲ್ಲೂ ಇದೇ ಆಗಿರುತ್ತದೆ. ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಮೇಲೆ ಮೂರನೆಯದು, ನಾಲ್ಕನೆಯದು. ಮೊಟ್ಟೆ ಬೇಯಿಸಿದಾಗ ತಿಳಿಯಾಗಿದ್ದ ಲೋಳೆ ಬೆಳ್ಳಗೆ ಗಟ್ಟಿಯಾಗುವುದೂ ಇದೇ ರೀತಿ. ಅಲ್ಲಿ ಬಿಸಿಯಿಂದ ಮಡಿಕೆ ಬಿಚ್ಚುತ್ತದೆ, ಇಲ್ಲಿ ನೀರು ಹೋದದ್ದರಿಂದ. ಬೆಂದ ಮೊಟ್ಟೆಯನ್ನು ಎಷ್ಟು ನೀರಲ್ಲಿ ನೆನೆಸಿದರೂ ಅದು ಮತ್ತೆ ತಿಳಿ ಲೋಳೆ ಆಗುವುದಿಲ್ಲ. ಈ ಮೊಟ್ಟೆಯನ್ನು ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ಪೆಟ್ಟು ಬೀಳುವುದು ಪ್ರೋಟೀನಿಗೆ ಮಾತ್ರ ಅಲ್ಲ. ಕೋಶದ ಸುತ್ತಲಿನ ತೆಳು ಪೊರೆ ಸುಕ್ಕುಗಟ್ಟಿ, ಪಕ್ಕದ ಪೊರೆಗೆ ಬೆಸೆದುಕೊಂಡು ಸೋರತೊಡಗುತ್ತದೆ. ಡಿಎನ್‌ಎ ಎಳೆಗಳು ಅಲ್ಲಲ್ಲಿ ತುಂಡಾಗುತ್ತವೆ. ಮನುಷ್ಯನ ಮೈಯ ನೀರಿನಲ್ಲಿ ಶೇ 15ರಷ್ಟು ಹೋದರೂ ಜೀವಕ್ಕೇ ಕುತ್ತು. ಈ ಪ್ರಾಣಿಗಳು ಶೇ 95ಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತವೆ.

## ಮಾಡಿನ ದೋಣಿಯ ಕಸದಲ್ಲಿ ಸಿಕ್ಕ ಜೀವಗಳು

ಇದನ್ನು ಮೊದಲು ಕಂಡು ಬರೆದಿಟ್ಟವರು ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಊರಿನ ಆಂಟೋನಿ ವಾನ್ ಲೇವನ್‌ಹುಕ್. ತಾವೇ ತಯಾರಿಸಿದ ಮಸೂರಗಳಲ್ಲಿ ಸಿಕ್ಕಿದ್ದನ್ನೆಲ್ಲ ನೋಡುತ್ತಿದ್ದ ಮನುಷ್ಯ. 1702ರಲ್ಲಿ ಮನೆಯ ಮಾಡಿನಿಂದ ಮಳೆನೀರು ಹರಿಯುವ ಸೀಸದ ದೋಣಿಯಲ್ಲಿ ಒಣಗಿ ಕೂತಿದ್ದ ಕಸವನ್ನು ತೆಗೆದು ಗಾಜಿನ ನಳಿಗೆಗೆ ಹಾಕಿದರು. ಕುದಿಸಿ ಆರಿಸಿದ ನೀರು ಸುರಿದರು. ಜೀವಿಗಳು ನೀರಿನಿಂದಲೇ ಬಂದವು ಅಂತ ಯಾರೂ ಹೇಳದಿರಲಿ ಅನ್ನುವ ಎಚ್ಚರ ಆ ಕುದಿಸುವುದರಲ್ಲಿತ್ತು. ಒಂದು ಗಂಟೆಯೊಳಗೆ ಸಣ್ಣ ಸಣ್ಣ ಪ್ರಾಣಿಗಳು ಓಡಾಡತೊಡಗಿದವು. ತಿಂಗಳುಗಟ್ಟಲೆ ಒಣಗಿಸಿಟ್ಟ ಕಸದಿಂದಲೂ ಎದ್ದು ಬಂದವು. ಇಂದು ಅವನ್ನು ರೋಟಿಫರ್ ಅನ್ನುತ್ತೇವೆ.

ಹಾಗಾದರೆ ಸತ್ತದ್ದು ಮತ್ತೆ ಹುಟ್ಟಿತೇ? ಈ ಜಗಳ ನೂರೈವತ್ತು ವರ್ಷ ನಡೆಯಿತು. ಕೊನೆಗೆ ಪ್ಯಾರಿಸ್‌ನಲ್ಲಿ ಪಾಲ್ ಬ್ರೋಕಾ ಮುಂದಾಳಾಗಿದ್ದ ಒಂದು ಸಮಿತಿ ಇದನ್ನು ಪರೀಕ್ಷೆಗೆ ಹಚ್ಚಿತು. ರೋಟಿಫರ್‌ಗಳಿದ್ದ ಪಾಚಿಯನ್ನು ಗಾಳಿಯಿಲ್ಲದ ಒಣ ಜಾಗದಲ್ಲಿ 82 ದಿನ ಇಟ್ಟು, ಆಮೇಲೆ 100 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ನೀರು ಹಾಕಿದಾಗಲೂ ಜೀವಿಗಳು ಎದ್ದವು. 1860ರಲ್ಲಿ ವರದಿ ಬಂತು. ಎದ್ದು ಬರುವುದು ನಿಜ ಅಂತ ಗೊತ್ತಾಯಿತು. ಹೇಗೆ ಅನ್ನುವುದು ಮಾತ್ರ ಹಾಗೇ ಉಳಿಯಿತು. ಬದುಕಿನ ಗುರುತೇ ಕಾಣದ ಈ ಸ್ಥಿತಿಗೆ 1959ರಲ್ಲಿ ಡೇವಿಡ್ ಕೀಲಿನ್ 'ಕ್ರಿಪ್ಟೋಬಯೋಸಿಸ್' ಅಂತ ಹೆಸರಿಟ್ಟರು. ಅಡಗಿದ ಬದುಕು ಅಂತ ಅರ್ಥ.

## ನೀರುಕರಡಿ ಒಣಗುವುದನ್ನು ಹತ್ತಿರದಿಂದ ನೋಡಿದರೆ

ಈ ಗುಂಪಿನಲ್ಲಿ ಎಲ್ಲರಿಗಿಂತ ಹೆಸರು ಮಾಡಿದ್ದು ಟಾರ್ಡಿಗ್ರೇಡ್. 1773ರಲ್ಲಿ ಜರ್ಮನಿಯ ಗ್ಯೋಟ್ಸೆ ಇದನ್ನು ಪುಟ್ಟ ನೀರುಕರಡಿ ಅಂತ ಕರೆದರು. 1776ರಲ್ಲಿ ಇಟಲಿಯ ಸ್ಪಲಾಂಜಾನಿ ನಿಧಾನ ನಡೆಯುವವ ಅನ್ನುವ ಅರ್ಥದ ಹೆಸರು ಕೊಟ್ಟರು. ಎರಡೂ ಹೆಸರು ಒಪ್ಪುತ್ತವೆ. ಹೆಚ್ಚಿನವು ಅರ್ಧ ಮಿಲಿಮೀಟರ್‌ನಷ್ಟೇ ಉದ್ದ. ಮೊಂಡು ಮೊಂಡಾದ ಎಂಟು ಕಾಲು, ಕಾಲ ತುದಿಗೆ ಉಗುರು. ಪಾಚಿಯ ಮೇಲಿನ ನೀರಿನ ಪೊರೆಯಲ್ಲಿ ತೂಗಾಡುತ್ತಾ ನಡೆಯುತ್ತದೆ.

ಪಾಚಿ ಒಣಗತೊಡಗಿದಾಗ ಅದು ಮೊದಲು ಇನ್ನೂ ನಿಧಾನ ಆಗುತ್ತದೆ. ಆಮೇಲೆ ತಲೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಎಂಟೂ ಕಾಲು ಒಂದೊಂದಾಗಿ ಮೈಯೊಳಗೆ ಸೇರುತ್ತವೆ. ಮೈ ಹಿಂದೆ ಮುಂದೆ ಕುಗ್ಗಿ, ಚರ್ಮ ಮಡಿಕೆ ಮಡಿಕೆಯಾಗಿ, ಕೊನೆಗೆ ಒಂದು ಸುಕ್ಕಾದ ಪುಟ್ಟ ಪೀಪಾಯಿಯಂತೆ ಕಾಣುತ್ತದೆ. ಹೊರಮೈ ಕಡಿಮೆಯಾದಷ್ಟೂ ನೀರು ನಿಧಾನವಾಗಿ ಆರುತ್ತದೆ, ಮೈಗೆ ಸಿದ್ಧವಾಗಲು ಸಮಯ ಸಿಗುತ್ತದೆ. ಉಳಿಯುವ ನೀರು ಶೇ 3ರಷ್ಟು, ಕೆಲವು ಸಲ ಅದಕ್ಕೂ ಕಡಿಮೆ. ಉಸಿರಾಟ, ಜೀರ್ಣ, ಬೆಳವಣಿಗೆ, ಯಾವುದನ್ನೂ ಅಳೆಯಲು ಆಗುವುದಿಲ್ಲ.

ಹನಿ ನೀರು ಹಾಕಿ ನೋಡುತ್ತಾ ಕೂತರೆ, ಮೊದಲು ಪೀಪಾಯಿ ಉಬ್ಬುತ್ತದೆ. ಸುಕ್ಕು ಬಿಚ್ಚುತ್ತದೆ. ಮೈ ಉದ್ದವಾಗುತ್ತದೆ, ಕಾಲುಗಳು ಈಚೆ ಬರುತ್ತವೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಕಾಲು ಅಲುಗುತ್ತದೆ. ಕೆಲವಕ್ಕೆ ನಿಮಿಷಗಳು ಸಾಕು, ಬಹಳ ದಿನ ಒಣಗಿದ್ದಕ್ಕೆ ಗಂಟೆಗಳೇ ಬೇಕು.

## ಸಕ್ಕರೆಯ ಉತ್ತರ, ಅದರಲ್ಲಿದ್ದ ತೂತು

ಪ್ರೋಟೀನಿಗೆ ಬರುವ ಮುಂಚೆ ಒಂದು ಸಕ್ಕರೆಯ ಮಾತು ಹೇಳಲೇಬೇಕು. ಟ್ರೆಹಲೋಸ್ ಅನ್ನುವ ಈ ಸಕ್ಕರೆ ಒಣಗಿ ಬದುಕುವ ಹಲವು ಜೀವಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಉಪ್ಪುನೀರಿನ ಸೀಗಡಿ ಆರ್ಟೀಮಿಯಾದ ಒಣ ಮೊಟ್ಟೆಯಲ್ಲಿ ಇದೆ. ಆಫ್ರಿಕಾದ ಬಂಡೆಗುಳಿಗಳಲ್ಲಿ ಬೆಳೆಯುವ ಒಂದು ಸಣ್ಣ ನೊಣದ ಮರಿಹುಳುವಿನಲ್ಲಂತೂ ಒಣತೂಕದ ಸುಮಾರು ಐದರಲ್ಲೊಂದು ಪಾಲು ಇದೇ. ಹೋದ ನೀರಿನ ಜಾಗದಲ್ಲಿ ಈ ಸಕ್ಕರೆ ಕೂತು ಪ್ರೋಟೀನನ್ನೂ ಪೊರೆಯನ್ನೂ ಹಿಡಿದುಕೊಳ್ಳುತ್ತದೆ. ಜೊತೆಗೆ ಹರಳಾಗದೆ ಗಾಜಿನ ಹಾಗೆ ಗಟ್ಟಿಯಾಗಿ ಎಲ್ಲವನ್ನೂ ಇದ್ದಲ್ಲೇ ನಿಲ್ಲಿಸುತ್ತದೆ. ಬಹಳ ಕಾಲ ಇದೇ ಪೂರ್ತಿ ಉತ್ತರ ಅಂತ ತಿಳಿದಿದ್ದರು.

ತೂತು ಕಂಡದ್ದು ಲೇವನ್‌ಹುಕ್ ನೋಡಿದ ಅದೇ ರೋಟಿಫರ್‌ಗಳಲ್ಲಿ. 2003ರಲ್ಲಿ ಹುಡುಕಿದಾಗ ಅವುಗಳಲ್ಲಿ ಟ್ರೆಹಲೋಸ್ ಸಿಗಲೇ ಇಲ್ಲ. ನೀರುಕರಡಿಗಳಲ್ಲೂ ಅಷ್ಟೇ, ಕೆಲವು ಜಾತಿಗಳಲ್ಲಿ ಬಹಳ ಕಡಿಮೆ, ಕೆಲವದರಲ್ಲಿ ಇಲ್ಲವೇ ಇಲ್ಲ. ಸಕ್ಕರೆ ಇಲ್ಲದೆಯೂ ಒಣಗಿ ಬದುಕುತ್ತವೆ ಅಂದಮೇಲೆ ಬೇರೆ ಏನೋ ಇರಬೇಕು.

## ಹತ್ತಿಬೀಜದಿಂದ ಬಂದ ಸುಳಿವು

ಬೀಜಗಳೂ ಒಣಗಿ ಬದುಕುತ್ತವೆ. ಅದು ನಮಗೆ ಎಷ್ಟು ರೂಢಿ ಅಂದರೆ ಅಚ್ಚರಿ ಅನಿಸುವುದೇ ಇಲ್ಲ. 1981ರಲ್ಲಿ ಲಿಯಾನ್ ಡ್ಯೂರ್ ಮತ್ತು ಜೊತೆಗಾರರು ಹತ್ತಿಬೀಜ ಬಲಿತು ಒಣಗುವ ಕೊನೆಯ ಹಂತದಲ್ಲಿ ಕೆಲವು ಪ್ರೋಟೀನ್‌ಗಳು ರಾಶಿ ರಾಶಿಯಾಗಿ ತಯಾರಾಗುವುದನ್ನು ಕಂಡರು. ಬೀಜದ ಮೊಳಕೆ ರೂಪುಗೊಳ್ಳುವ ಕೊನೆಗೆ ಬರುವುದರಿಂದ ಅವಕ್ಕೆ 'ಲೀ' ಪ್ರೋಟೀನ್ ಅಂತ ಚುಟುಕು ಹೆಸರು ಬಂತು. ಇಪ್ಪತ್ತು ವರ್ಷ ಅದು ಗಿಡಗಳ ವಿಷಯವಾಗಿಯೇ ಉಳಿಯಿತು. 2002ರಲ್ಲಿ ಒಣಗಿ ಬದುಕುವ ಒಂದು ನೆಮಟೋಡ್ ಹುಳದಲ್ಲೂ ಅದೇ ಬಗೆಯ ಪ್ರೋಟೀನ್ ಸಿಕ್ಕಿತು. ಪ್ರಾಣಿಯೊಂದರಲ್ಲಿ ಅದು ಸಿಕ್ಕಿದ್ದು ಅದೇ ಮೊದಲು.

ಇವು ಮಾಡುವ ಕೆಲಸ ನೋಡಿ. ಗಾಜಿನ ಲೋಟಗಳನ್ನು ಪೆಟ್ಟಿಗೆಯಲ್ಲಿಟ್ಟು ಸಾಗಿಸುವಾಗ ನಡುವೆ ಹುಲ್ಲೋ ಹಳೇ ಪೇಪರ್ರೋ ತುರುಕುತ್ತೇವೆ. ಲೋಟಕ್ಕೆ ಲೋಟ ತಾಗಬಾರದು ಅಂತ. ಲೀ ಪ್ರೋಟೀನ್‌ಗಳೂ ಉಳಿದ ಪ್ರೋಟೀನ್‌ಗಳ ನಡುವೆ ಹೀಗೆ ತುಂಬಿಕೊಂಡು, ಒಂದಕ್ಕೊಂದು ಅಂಟದ ಹಾಗೆ ತಡೆಯುತ್ತವೆ. ಪ್ರಯೋಗಾಲಯದಲ್ಲಿ ಒಂದು ಕಿಣ್ವವನ್ನು ಒಂಟಿಯಾಗಿ ಒಣಗಿಸಿ ನೀರು ಹಾಕಿದರೆ ಗಂಟುಗಂಟಾಗುತ್ತದೆ. ಲೀ ಪ್ರೋಟೀನ್ ಬೆರೆಸಿ ಒಣಗಿಸಿದರೆ ಗಂಟು ಬಹಳ ಕಡಿಮೆ.

## ಕುದಿಸಿದರೂ ಗಟ್ಟಿಯಾಗದ ಪ್ರೋಟೀನ್

ಈಗ ಆ ಮೊಟ್ಟೆಗೆ ವಾಪಸ್ ಬರೋಣ. ಟೋಕಿಯೋ ವಿಶ್ವವಿದ್ಯಾಲಯದ ತಕೆಕಾಜು ಕುನಿಯೆಡಾ ಅವರ ತಂಡ ಒಣಗುವುದರಲ್ಲಿ ಬಹಳ ಗಟ್ಟಿಗ ಅನ್ನಿಸಿದ ಒಂದು ನೀರುಕರಡಿಯನ್ನು ಆರಿಸಿಕೊಂಡಿತು. ಅವನ್ನು ಅರೆದು ರಸ ತೆಗೆದು, 90 ಡಿಗ್ರಿಗೂ ಜಾಸ್ತಿ ಬಿಸಿ ಮಾಡಿತು. ಮಾಮೂಲು ಪ್ರೋಟೀನ್‌ಗಳೆಲ್ಲ ಬೆಂದ ಮೊಟ್ಟೆಯ ಹಾಗೆ ಗಟ್ಟಿಯಾಗಿ ತಳ ಸೇರಿದವು. ಮೇಲೆ ಉಳಿದ ತಿಳಿಯಲ್ಲಿ ಇನ್ನೂ ಕೆಲವು ಪ್ರೋಟೀನ್‌ಗಳು ಕರಗಿಕೊಂಡೇ ಇದ್ದವು. ಬಿಸಿಗೆ ಜಗ್ಗದ ಇವು ಬೇರೆ ಯಾವ ಜೀವಿಯಲ್ಲೂ ಕಂಡಿರದ ಹೊಸ ಬಗೆ. 2012ರಲ್ಲಿ ಇದು ಪ್ರಕಟವಾಯಿತು. ಕೋಶದ ಒಳಗೆ ತುಂಬಿರುವ ಗುಂಪಿಗೆ 'ಸಿಎಎಚ್‌ಎಸ್', ಕೋಶದಿಂದ ಹೊರಗೆ ಸ್ರವಿಸುವ ಗುಂಪಿಗೆ 'ಎಸ್‌ಎಎಚ್‌ಎಸ್' ಅಂತ ಹೆಸರಿಟ್ಟರು.

ಸಿಎಎಚ್‌ಎಸ್ ಯಾಕೆ ಬೇಯುವುದಿಲ್ಲ? ಬೇಯುವುದು ಅಂದರೆ ಮಡಿಕೆ ಬಿಚ್ಚಿ ಅಂಟಿಕೊಳ್ಳುವುದು. ಇದಕ್ಕೆ ಬಿಚ್ಚಲು ಮಡಿಕೆಯೇ ಇಲ್ಲ. ನೀರಿನಲ್ಲಿ ಇರುವಾಗ ಇದರ ಸರ ಗೊತ್ತಾದ ಆಕಾರಕ್ಕೆ ಬರದೆ ಸಡಿಲವಾಗಿ ತೇಲಾಡುತ್ತಿರುತ್ತದೆ. ನೀರನ್ನು ಮೆಚ್ಚುವ ಮಣಿಗಳೇ ಇದರಲ್ಲಿ ಜಾಸ್ತಿ. ಲೀ ಪ್ರೋಟೀನ್‌ಗಳ ಸ್ವಭಾವವೂ ಹೀಗೇ. ಆಕಾರ ಕೆಟ್ಟರೆ ಪ್ರೋಟೀನ್ ಕೆಟ್ಟಿತು ಅಂತ ಮೇಲೆ ಹೇಳಿದೆನಲ್ಲ, ಹಾಗೆ ಕೆಡಬಲ್ಲ ಪ್ರೋಟೀನ್‌ಗಳಿಗೆ ಆಕಾರವೇ ಇಲ್ಲದ ಪ್ರೋಟೀನ್‌ಗಳು ಕಾವಲು ನಿಂತಿವೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಜಾಗ ಇದು.

ಇವು ನಿಜಕ್ಕೂ ಕಾಯುತ್ತವೆಯೇ ಅನ್ನುವುದನ್ನು 2017ರಲ್ಲಿ ಅಮೆರಿಕದ ಥಾಮಸ್ ಬೂತ್‌ಬಿ ಮತ್ತು ಸಂಗಡಿಗರು ಎರಡು ಕಡೆಯಿಂದ ನೋಡಿದರು. ನೀರುಕರಡಿಯಲ್ಲಿ ಈ ಪ್ರೋಟೀನಿನ ಜೀನ್‌ಗಳ ಕೆಲಸವನ್ನು ತಗ್ಗಿಸಿದಾಗ ಒಣಗಿ ಬದುಕುವವುಗಳ ಸಂಖ್ಯೆ ಇಳಿಯಿತು. ಅದೇ ಜೀನ್‌ಗಳನ್ನು ಯೀಸ್ಟ್‌ಗೂ ಬ್ಯಾಕ್ಟೀರಿಯಾಕ್ಕೂ ಸೇರಿಸಿದಾಗ, ಒಣಗಿಸಿದ ಮೇಲೂ ಬದುಕುಳಿದವು ಬಹಳ ಜಾಸ್ತಿಯಾದವು. ತೆಗೆದರೆ ಕಷ್ಟ, ಕೊಟ್ಟರೆ ಲಾಭ. ಒಂದು ವಸ್ತು ನಿಜವಾಗಿ ಕೆಲಸ ಮಾಡುತ್ತದೆ ಅನ್ನಲು ಇಂಥ ಎರಡು ಕಡೆಯ ಸಾಕ್ಷಿ ಬೇಕು.

## ಗೋಂದಿನ ಹಾಗೆ

ನೀರು ಕಡಿಮೆಯಾದಾಗ ಸಿಎಎಚ್‌ಎಸ್ ಏನು ಮಾಡುತ್ತದೆ? ಇದನ್ನು ತಿಳಿಯಲು ಗೋಂದನ್ನು ನೋಡಿ. ಸೀಸೆಯಲ್ಲಿ ಇರುವಾಗ ಹರಿಯುತ್ತದೆ. ಬಾಯಿ ತೆರೆದಿಟ್ಟರೆ ಮಂದವಾಗುತ್ತದೆ. ಅಂಚಿನಲ್ಲಿ ಒಣಗಿದ ಹನಿ ಗಾಜಿನ ಹಾಗೆ ಹೊಳೆಯುತ್ತಾ ಗಟ್ಟಿಯಾಗಿರುತ್ತದೆ. ಒಂದು ಇರುವೆ ಸಿಕ್ಕಿಕೊಂಡಿದ್ದರೆ ಅದರ ಮೀಸೆ ಕೂಡ ಇದ್ದ ಹಾಗೇ ನಿಂತಿರುತ್ತದೆ. ನೀರು ಹಾಕಿದರೆ ಆ ಹನಿ ಮತ್ತೆ ಕರಗುತ್ತದೆ. ಮೊಟ್ಟೆಗೂ ಗೋಂದಿಗೂ ಇರುವ ವ್ಯತ್ಯಾಸ ಇಷ್ಟೇ: ಒಂದು ಹಿಂದಿರುಗುವುದಿಲ್ಲ, ಇನ್ನೊಂದು ಹಿಂದಿರುಗುತ್ತದೆ.

ಸಿಎಎಚ್‌ಎಸ್ ಗೋಂದಿನ ದಾರಿ ಹಿಡಿಯುತ್ತದೆ. ಇಕ್ಕಟ್ಟು ಹೆಚ್ಚಿದಂತೆ ಸಡಿಲವಾಗಿದ್ದ ಸರಗಳಲ್ಲಿ ಸುರುಳಿಗಳು ಮೂಡುತ್ತವೆ. ಸುರುಳಿಗಳು ಜೊತೆಗೂಡಿ ನೂಲಾಗುತ್ತವೆ, ನೂಲುಗಳು ಬಲೆಯಾಗುತ್ತವೆ. ಕೋಶದ ಒಳಗಿನ ನೀರುನೀರಾದ ಜಾಗ ಮೆತ್ತನೆಯ ಜೆಲ್ ಆಗುತ್ತದೆ. ಬಲೆಯ ಕಣ್ಣುಗಳ ನಡುವೆ ಉಳಿದ ಪ್ರೋಟೀನ್‌ಗಳು ಒಂದಕ್ಕೊಂದು ದೂರವಾಗಿ ಸಿಕ್ಕಿಕೊಳ್ಳುತ್ತವೆ. 2022ರಲ್ಲಿ ಕುನಿಯೆಡಾ ತಂಡ, ಸಾಕಿದ ಮನುಷ್ಯ ಜೀವಕೋಶಗಳಲ್ಲೇ ಈ ನೂಲುಗಳು ಮೂಡುವುದನ್ನು ತೋರಿಸಿತು. ಕೋಶದಿಂದ ನೀರು ಎಳೆದಾಗ ನೂಲು ಬಂತು, ನೀರು ಮರಳಿದಾಗ ಮಾಯವಾಯಿತು. ಯಾರೂ ಹೇಳಿಕೊಡಬೇಕಿಲ್ಲ. ನೀರು ಕಡಿಮೆಯಾಗುವುದೇ ಶುರುಮಾಡು ಅನ್ನುವ ಸೂಚನೆ, ಹೆಚ್ಚಾಗುವುದೇ ನಿಲ್ಲಿಸು ಅನ್ನುವ ಸೂಚನೆ.

ಪೂರ್ತಿ ಒಣಗಿದಾಗ ಕಾಯುವುದು ಯಾವುದು ಅನ್ನುವುದರಲ್ಲಿ ಮಾತ್ರ ವಿಜ್ಞಾನಿಗಳ ನಡುವೆ ಒಮ್ಮತ ಇಲ್ಲ. ಜೆಲ್ ಇನ್ನೂ ಒಣಗಿ ಗಾಜಿನಂತಾಗಿ ಎಲ್ಲವನ್ನೂ ಅಲುಗದಂತೆ ಹಿಡಿಯುವುದೇ ಮುಖ್ಯ ಅಂತ ಒಂದು ಕಡೆಯವರು. ಗಾಜಾಗುವುದು ಒಣಗಿದ ಬಹಳಷ್ಟು ವಸ್ತುಗಳ ಗುಣ, ಅಷ್ಟರಿಂದಲೇ ಜೀವ ಉಳಿಯದು, ಅದಕ್ಕೂ ಮುಂಚಿನ ಬಲೆಯೇ ಮುಖ್ಯ ಅಂತ ಇನ್ನೊಂದು ಕಡೆಯವರು. ಬೇರೆ ಬೇರೆ ಹಂತದಲ್ಲಿ ಬೇರೆ ಬೇರೆ ಉಪಾಯ ನಡೆಯುತ್ತಿರಬಹುದು. ಸಕ್ಕರೆಯನ್ನೂ ಪೂರ್ತಿ ಕೈಬಿಡುವ ಹಾಗಿಲ್ಲ. ಸ್ವಲ್ಪವೇ ಟ್ರೆಹಲೋಸ್ ಬೆರೆತರೂ ಸಿಎಎಚ್‌ಎಸ್ ಇನ್ನೂ ಚೆನ್ನಾಗಿ ಕೆಲಸ ಮಾಡುವುದನ್ನು ಕಂಡಿದ್ದಾರೆ.

## ಡಿಎನ್‌ಎಗೆ ಬೇರೆ ಕಾವಲು

2016ರಲ್ಲಿ ಟೋಕಿಯೋದ ಅದೇ ಗುಂಪು ಡಿಎನ್‌ಎಗೆ ಅಂಟಿಕೊಂಡಿರುವ 'ಡಿಸಪ್' ಅನ್ನುವ ಪ್ರೋಟೀನನ್ನು ನೀರುಕರಡಿಯಲ್ಲಿ ಗುರುತಿಸಿತು. ಅದನ್ನು ತಯಾರಿಸುವಂತೆ ಮಾಡಿದ ಮನುಷ್ಯ ಜೀವಕೋಶಗಳಲ್ಲಿ ಎಕ್ಸ್‌ರೇಯಿಂದ ಡಿಎನ್‌ಎಗೆ ಆಗುವ ಹಾನಿ ಸುಮಾರು ಶೇ 40 ಕಡಿಮೆಯಾಯಿತು. ಡಿಎನ್‌ಎಯನ್ನು ಕಡಿಯುವ ಉಗ್ರ ರಾಸಾಯನಿಕ ಚೂರುಗಳು ಹತ್ತಿರ ಬರದ ಹಾಗೆ ಇದು ಹೊದಿಕೆಯಾಗುತ್ತದೆ. ಅಂಥ ಚೂರುಗಳು ಒಣಗುವಾಗಲೂ ಹುಟ್ಟುತ್ತವೆ.

## ಎಲ್ಲಿಯ ತನಕ?

ನೀರುಕರಡಿಗೆ ಸಾವೇ ಇಲ್ಲ ಅನ್ನುವ ಮಾತು ಅಲ್ಲಲ್ಲಿ ಕೇಳುತ್ತದೆ. ಅದು ಸರಿಯಲ್ಲ. ನೆನೆದು ಓಡಾಡುತ್ತಿರುವಾಗ ಅದು ಮಾಮೂಲು ಪ್ರಾಣಿ, ಸ್ವಲ್ಪ ಬಿಸಿ ಜಾಸ್ತಿಯಾದರೂ ಸಾಯುತ್ತದೆ. ಒಣಗುವುದೂ ನಿಧಾನವಾಗಿ ಆಗಬೇಕು. ಪ್ರಯೋಗಾಲಯಗಳಲ್ಲಿ ಸಾಕುವ ಒಂದು ಜಾತಿಯನ್ನು ತೇವದ ಗಾಳಿಯಲ್ಲಿ ಮೊದಲು ಹದ ಮಾಡದೆ ಸರಕ್ಕನೆ ಒಣಗಿಸಿದರೆ ಅದು ಏಳುವುದಿಲ್ಲ. ಕಾಪಾಡುವ ಪ್ರೋಟೀನ್‌ಗಳನ್ನು ಸಾಕಷ್ಟು ತಯಾರಿಸಲು ಅದಕ್ಕೆ ಹೊತ್ತು ಬೇಕು. ಇವುಗಳನ್ನು ಯಾವಾಗಲೂ ತುಂಬಿಟ್ಟುಕೊಂಡಿರುವ ಜಾತಿಗಳು ಬೇಗ ಒಣಗಿದರೂ ತಡೆಯುತ್ತವೆ.

ಒಣಗಿ ನೂರು ವರ್ಷ ಇದ್ದು ಎದ್ದವು ಅನ್ನುವುದಕ್ಕೂ ಗಟ್ಟಿ ಸಾಕ್ಷಿ ಇಲ್ಲ. ಸಂಗ್ರಹಾಲಯಗಳ ಹಳೇ ಒಣ ಪಾಚಿ, ಕಲ್ಲುಹೂವುಗಳಿಗೆ ನೀರು ಹಾಕಿ ನೋಡಿದ ಒಂದು ಅಧ್ಯಯನ 2002ರಲ್ಲಿ ಬಂತು. ಅದರಲ್ಲಿ ನೂರು ವರ್ಷ ದಾಟಿದ ಮಾದರಿಗಳೂ ಇದ್ದವು. ಜೀವ ಕಂಡದ್ದು 9 ವರ್ಷದ ಮಾದರಿಯಲ್ಲಿ ಮಾತ್ರ. 2007ರಲ್ಲಿ ಫೋಟಾನ್-ಎಂ3 ನೌಕೆಯಲ್ಲಿ ಒಣ ನೀರುಕರಡಿಗಳನ್ನು ಸುಮಾರು ಹತ್ತು ದಿನ ಬಾಹ್ಯಾಕಾಶಕ್ಕೆ ತೆರೆದಿಟ್ಟಾಗ ಗಾಳಿಯಿಲ್ಲದ ಖಾಲಿಯನ್ನು ಅವು ಚೆನ್ನಾಗಿಯೇ ತಾಳಿಕೊಂಡವು. ಸೂರ್ಯನ ನೇರಳಾತೀತ ಕಿರಣಗಳೂ ಸೇರಿ ಬಿದ್ದಾಗ ಉಳಿದವು ಬಹಳ ಕಡಿಮೆ.

## ಔಷಧಿ ಡಬ್ಬಿಗೆ ಮರಳಿ

ರಕ್ತ ಹೆಪ್ಪುಗಟ್ಟಲು ಬೇಕಾದ 'ಫ್ಯಾಕ್ಟರ್ 8' ಅನ್ನುವ ಪ್ರೋಟೀನ್ ಹಿಮೋಫಿಲಿಯಾ ಎ ಇರುವವರಲ್ಲಿ ಸಾಕಷ್ಟು ಇರುವುದಿಲ್ಲ ಅಥವಾ ಸರಿಯಾಗಿ ಕೆಲಸ ಮಾಡುವುದಿಲ್ಲ. ಅವರಿಗೆ ಗಾಯವಾದರೆ ರಕ್ತ ನಿಲ್ಲುವುದು ಕಷ್ಟ. ಹೊರಗಿನಿಂದ ಕೊಡುವ ಫ್ಯಾಕ್ಟರ್ 8 ತುಂಬಾ ನಾಜೂಕು. 2023ರಲ್ಲಿ ವಯೋಮಿಂಗ್ ವಿಶ್ವವಿದ್ಯಾಲಯದ ಬೂತ್‌ಬಿ ಅವರ ತಂಡ ಅದಕ್ಕೆ ಒಂದು ಸಿಎಎಚ್‌ಎಸ್ ಪ್ರೋಟೀನನ್ನೂ, ಬೇರೆಯಾಗಿ ಟ್ರೆಹಲೋಸನ್ನೂ ಬೆರೆಸಿ ಒಣಗಿಸಿ ನೋಡಿತು. ಮತ್ತೆ ಮತ್ತೆ ಒಣಗಿಸಿ ನೆನೆಸಿದರೂ, ಬಿಸಿಗೆ ಇಟ್ಟರೂ, ಫ್ರಿಜ್ ಇಲ್ಲದೆ ಬಹಳ ದಿನ ಒಣದಾಗಿ ಇಟ್ಟರೂ ಫ್ಯಾಕ್ಟರ್ 8 ಕೆಲಸ ಮಾಡುವಷ್ಟು ಸರಿಯಾಗಿ ಉಳಿಯಿತು. 2024ರಲ್ಲಿ ಅದೇ ಗುಂಪು, ಮನುಷ್ಯ ಜೀವಕೋಶಗಳ ಒಳಗೆ ಈ ಪ್ರೋಟೀನ್ ಜೆಲ್ ಆದಾಗ ಕೋಶದ ಚಟುವಟಿಕೆ ನಿಧಾನವಾಗುವುದನ್ನೂ, ಕೋಶದಿಂದ ನೀರು ಎಳೆಯುವ ಒತ್ತಡ ತೆಗೆದಾಗ ಮತ್ತೆ ಮೊದಲಿನಂತಾಗುವುದನ್ನೂ ತೋರಿಸಿತು. ರಕ್ತದ ಕಣಗಳು, ಕಸಿಗೆ ಬೇಕಾದ ಜೀವಕೋಶಗಳು, ಇವನ್ನು ಜಾಸ್ತಿ ದಿನ ಕೆಡದಂತೆ ಇಡಬಹುದೇ ಅನ್ನುವ ಹುಡುಕಾಟಕ್ಕೆ ಇದು ಆಧಾರ.

ಇದೆಲ್ಲ ಇನ್ನೂ ಪ್ರಯೋಗಾಲಯದ ಹಂತ. ನೀರುಕರಡಿಯ ಪ್ರೋಟೀನ್ ಬೆರೆತ ಔಷಧಿಯನ್ನು ರೋಗಿಯ ಮೈಗೆ ಕೊಡುವ ಮುಂಚೆ, ನಮ್ಮ ದೇಹ ಅದನ್ನು ಹೊರಗಿನ ವಸ್ತು ಅಂತ ಎದುರಿಸುತ್ತದೆಯೇ ಅನ್ನುವುದನ್ನು ಪರೀಕ್ಷಿಸಬೇಕು. ಆ ಪರೀಕ್ಷೆ ಮುಗಿಯುವ ತನಕ ಇನ್ಸುಲಿನ್ ಡಬ್ಬಿಯ ಮೇಲಿನ 2ರಿಂದ 8 ಡಿಗ್ರಿ ಹಾಗೇ ಇರುತ್ತದೆ.